ಒಣಗಿದ ಗಾಯವನ್ನು ಹಸಿ ಎಂದು ಬರೆದದ್ದು

ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬೇರೆಯವರ ರಕ್ತವನ್ನು ಫ್ಲಾಸ್ಕಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದವನು. ಕಂಡಕ್ಟರುಗಳು ಕಾಫಿ ಎಂದು ತಿಳಿದಿದ್ದರು. ಮಾಲೂರಿನಿಂದ ಮಾಸ್ತಿಗೆ ಹೋಗುವ ಬಸ್ಸಿನವನೊಬ್ಬ ಒಂದು ದಿನ, "ಏನ್ ಸಾರ್, ಯಾವಾಗ್ಲೂ ಒಬ್ರೇ ಕುಡೀತೀರ, ನಮಗೂ ಒಂದ್ ಲೋಟ ಕೊಡಬಾರ್ದಾ?" ಎಂದ. ಮುಚ್ಚಳ ತೆಗೆದು ತೋರಿಸಿದೆ. ಅಲ್ಲಿಂದಾಚೆಗೆ ಅವನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಅವನು ಯಾರನ್ನೂ ಅಲ್ಲಿ ಕೂರಲು ಬಿಡುತ್ತಿರಲಿಲ್ಲ.

ಈಗ ಲ್ಯಾಬ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಮಷೀನಿದೆ. ಟ್ಯೂಬು ಇಟ್ಟರೆ ಅದೇ ಓದಿ ಕಾಗದ ಉಗುಳುತ್ತದೆ. ಒಳ್ಳೆಯದೇ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿ ಕಳಿಸಿದರು ಎನ್ನುವುದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ಮಾಡಿದ ತಪ್ಪುಗಳು ಮಾತ್ರ ಒಂದೂ ಮರೆತಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ತಾತ್ಕಾಲಿಕ ಟೆಕ್ನಿಷಿಯನ್ ಆಗಿ ಸೇರಿದೆ. ಅಲ್ಲಿಗೆ ನಮ್ಮ ಕಡೆಯಿಂದ ಬಾಯಿ ಕ್ಯಾನ್ಸರಿನವರು ಬಹಳ ಬರುತ್ತಿದ್ದರು, ಅದರಲ್ಲೂ ಹೆಂಗಸರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತಿಕೊಂಡು ಹಾಗೇ ನಿದ್ದೆ ಹೋಗುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇತ್ತು. ಸರ್ಜನ್ನರು ಕೆನ್ನೆ ಕೊಯ್ದು, ಬೇಕಾದರೆ ದವಡೆಯನ್ನೂ ತೆಗೆದು, ಹೊಲಿದು ಕಳಿಸುತ್ತಿದ್ದರು. ತೊಂದರೆ ಏನೆಂದರೆ ರೋಗ ಮರಳಿ ಬರುತ್ತಿತ್ತು. ಕಣ್ಣಿಗೆ ಕಾಣುವಷ್ಟು ಬಂದಾಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಕಮಲಾಕ್ಷಿ. ನಾವು ಬರೀ ಮೇಡಂ ಎನ್ನುತ್ತಿದ್ದೆವು. ಅವರು ಹಿಡಿದ ದಾರಿ ಹೀಗಿತ್ತು. ಸಿಯಾಲಿಕ್ ಆಮ್ಲ ಎಂಬ ವಸ್ತು ಜೀವಕೋಶಗಳ ಹೊರಮೈಗೆ ಅಂಟಿಕೊಂಡಿರುತ್ತದೆ. ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಅದು ಹೆಚ್ಚು. ಆಪರೇಷನ್ ಆದ ಮೇಲೆ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿದರೆ, ಕಣ್ಣಿಗೆ ಕಾಣುವ ಮೊದಲೇ ರೋಗ ಮರಳುತ್ತಿದೆ ಎಂದು ಹೇಳಬಹುದೇ? ಇದಕ್ಕಾಗಿ ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು, ರಾಸಾಯನಿಕ ಸೇರಿಸಿ, ಬಿಸಿನೀರಿನಲ್ಲಿಟ್ಟು ನೋಡುತ್ತಿದ್ದೆವು. ಟ್ಯೂಬಿನಲ್ಲಿ ಗುಲಾಬಿ ಬಣ್ಣ ಬರುತ್ತಿತ್ತು. ಬಣ್ಣ ಗಾಢವಾದಷ್ಟೂ ಆಮ್ಲ ಹೆಚ್ಚು.

ಅದರಲ್ಲೊಂದು ತೊಡಕಿತ್ತು. ಜ್ವರ ಬಂದರೂ, ಕುರು ಎದ್ದರೂ, ಹಲ್ಲಿನ ಬುಡದಲ್ಲಿ ಕೀವಾದರೂ ಅದೇ ಗುಲಾಬಿ ಬಣ್ಣ ಏರುತ್ತಿತ್ತು. ಆದ್ದರಿಂದ ಪ್ರತಿ ರೋಗಿಯ ಕಾಗದದ ಕೊನೆಯಲ್ಲಿ ಒಂದು ಕಾಲಂ: ಬೇರೆ ಕಾಯಿಲೆ, ಗಾಯ, ಕೀವು ಇದೆಯೇ? ಮೇಡಂ ಮೊದಲ ದಿನವೇ ಹೇಳಿದ್ದರು: "ನೋಡಿ, ರಕ್ತ ನಾನು ಓದ್ತೀನಿ. ಈ ಕಾಲಂ ಮಾತ್ರ ನಿಮ್ಮ ಕಣ್ಣಿಂದಲೇ ಓದಬೇಕು. ಅದು ಸುಳ್ಳಾದ್ರೆ ರಕ್ತವೂ ಸುಳ್ಳಾಗುತ್ತೆ."

ನಾನು ಕೋಲಾರದವನು, ತೆಲುಗೂ ಬರುತ್ತದೆ ಎಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕು ನನ್ನ ಪಾಲಿಗೆ ಬಂದವು. ಕೋಲಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಬೆಳಿಗ್ಗೆ ಐಸ್ ಕ್ಯಾಂಡಿ ಫ್ಯಾಕ್ಟರಿಯಲ್ಲಿ ಐಸು ತುಂಬಿಸಿಕೊಂಡು ಹೊರಟರೆ ಸಂಜೆಯ ಬೆಂಗಳೂರು ಬಸ್ಸಿಗೆ ಫ್ಲಾಸ್ಕು ಮುಟ್ಟಿಸಬೇಕು.

ಮೊದಲ ತಿಂಗಳೇ ಮಾನ ಹೋಯಿತು. ಕುರುಡುಮಲೆ ಕಡೆಯ ಆರು ಜನರ ರಕ್ತವನ್ನು ಹಾಗೇ ಟ್ಯೂಬಿನಲ್ಲಿಟ್ಟು, ಬಸ್ಸಿನ ಹಿಂದಿನ ಸೀಟಿನಲ್ಲಿ, ಚಕ್ರದ ಮೇಲೇ ಕುಳಿತು ತಂದೆ. ಕುಲುಕಾಟಕ್ಕೆ ಆರರಲ್ಲೂ ರಕ್ತಕಣ ಒಡೆದು, ಮೇಲೆ ತಿಳಿಯಾಗಿ ನಿಲ್ಲಬೇಕಾದ ಸೀರಂ ಕೆಂಪಗಾಗಿತ್ತು. ಮೇಡಂ ಟ್ಯೂಬು ಎತ್ತಿ ಬೆಳಕಿಗೆ ಹಿಡಿದು, "ದಾಳಿಂಬೆ ರಸ ತಂದಿದ್ದೀರಾ? ಥ್ಯಾಂಕ್ಸ್," ಎಂದು ಆರನ್ನೂ ಸಿಂಕಿಗೆ ಸುರಿದರು. ಆ ಆರು ಜನ ಬಿಸಿಲಲ್ಲಿ ನಡೆದು ಬಂದು ತೋಳು ಚಾಚಿದ್ದರು. ಅದಾದ ಮೇಲೆ ಕೈಯಲ್ಲಿ ತಿರುಗಿಸುವ ಒಂದು ಸೆಂಟ್ರಿಫ್ಯೂಜನ್ನು ಚೀಲದಲ್ಲಿ ಹೊತ್ತೆ. ಶಾಲೆಯ ಬೆಂಚಿಗೋ, ಗಾಡಿಯ ಮೂಕಿಗೋ ಅದನ್ನು ಬಿಗಿದು, ಹೆಪ್ಪುಗಟ್ಟಿದ ರಕ್ತವನ್ನು ತಿರುಗಿಸಿ, ಮೇಲಿನ ತಿಳಿ ಸೀರಂ ಮಾತ್ರ ಐಸಿಗೆ ಇಡುತ್ತಿದ್ದೆ. ನನ್ನ ಬಲ ಭುಜ ಇವತ್ತಿಗೂ ಎಡಕ್ಕಿಂತ ದಪ್ಪ.

ಕಷ್ಟ ಕೆಲಸದ್ದಲ್ಲ, ಕೂರಲು ಜಾಗದ್ದು. ಆಪರೇಷನ್ ಆದವರ ಮನೆಗಳಲ್ಲಿ ವಿಷಯ ಮುಚ್ಚಿಟ್ಟಿರುತ್ತಿದ್ದರು. ಕೆನ್ನೆಯ ಗಾಯಕ್ಕೆ ಎತ್ತು ಹಾಯ್ದದ್ದು ಎಂದೋ, ಹಲ್ಲು ಕೀಳಿಸಿದ್ದು ಕೆಟ್ಟಿತು ಎಂದೋ ಹೇಳಿರುತ್ತಿದ್ದರು. ನಾನು ಬಂದರೆ ಗುಟ್ಟು ರಟ್ಟು. ಅದಕ್ಕೇ ಬಾವಿಯ ಹತ್ತಿರ, ಹಾಳು ಮಂಟಪದಲ್ಲಿ, ತೋಪಿನಲ್ಲಿ ಬಂದು ತೋಳು ಕೊಟ್ಟು ಹೋಗುತ್ತಿದ್ದರು. ಮೊದಲ ದಿನಗಳಲ್ಲಿ ನಾಲ್ಕು ತಾಲ್ಲೂಕು ತಿರುಗಿದರೂ ಒಂದು ಮನೆಯ ಹೊಸ್ತಿಲು ದಾಟಿದ್ದಿಲ್ಲ. ನನ್ನ ಮದುವೆಯ ಮಾತೂ ಎರಡು ಸಲ ಎದ್ದು, ಹುಡುಗನ ಕೆಲಸ ಏನು ಎಂದು ತಿಳಿದ ಕೂಡಲೇ ಕೂತುಬಿಟ್ಟಿತು. ಕ್ಯಾನ್ಸರ್ ರಕ್ತ ಮುಟ್ಟುವ ಕೈ ಎಂದರಂತೆ. ಮೂರನೆಯ ಸಲಕ್ಕೆ ನಾನೇ ಬೇಡ ಎಂದೆ.

ಬೈರಕೂರಿನ ಚೌಡಪ್ಪನವರು ಮಾತ್ರ ನನಗೊಂದು ವೇಷ ಕೊಟ್ಟಿದ್ದರು. "ನಿಮ್ಮನ್ನ ಮಾವಿನಕಾಯಿ ವ್ಯಾಪಾರದೋರು ಅಂತ ಹೇಳಿದೀನಿ ಸಾರ್, ಬಾಯ್ಬಿಡಬೇಡಿ," ಎಂದರು. ತೋಪಿನಲ್ಲಿ ಅವರ ರಕ್ತ ತೆಗೆದು ಏಳುವಷ್ಟರಲ್ಲಿ ಪಕ್ಕದ ತೋಟದವರು ಬಂದು, "ನಮ್ ತೋತಾಪುರಿ ನೋಡ್ರಣ್ಣ, ಏನ್ ರೇಟ್ ಹಾಕ್ತೀರ?" ಎಂದು ಹಿಡಿದುಕೊಂಡರು. ನಾನು ಗಂಭೀರವಾಗಿ ಎರಡು ಕಾಯಿ ಒತ್ತಿ ನೋಡಿ, "ಇನ್ನೂ ಬಲೀಬೇಕು," ಎಂದು ತಪ್ಪಿಸಿಕೊಂಡೆ. ಮುಂದಿನ ಸಲ ಹೋದಾಗ ಅವರು ನನಗಾಗಿ ಕಾದಿದ್ದರಿಂದ ಕಾಯಿ ಮರದಲ್ಲೇ ಹಣ್ಣಾಗಿ ಉದುರುತ್ತಿತ್ತು. ಬಾಯಿಗೆ ಬಂದಂತೆ ಬೈದರು. ಆ ಬೈಗುಳಕ್ಕೆ ನಾನು ಅರ್ಹನೇ.

ಆದರೆ ಚೌಡಪ್ಪನವರಿಗೆ ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಒಂದು ಸಲ ಅವರ ಟ್ಯೂಬು ಗಾಢ ಗುಲಾಬಿಯಾಯಿತು. ಮೇಡಂ ಕೂಡಲೇ ಕರೆಸಿದರು. ಬಾಯಿಯೊಳಗಿಂದ ಎರಡು ಸಲ ಚೂರು ತೆಗೆದು ನೋಡಿದರು, ರೋಗವಿಲ್ಲ. ಕೊನೆಗೆ ತಿಳಿದದ್ದು, ಅವರಿಗೆ ಬಲಗಡೆಯ ಹಲ್ಲಿನ ಬುಡದಲ್ಲಿ ಕೀವಾಗಿತ್ತು. ನನಗೆ ಹೇಳಿದ್ದರು ಕೂಡ. ಮಾವಿನಕಾಯಿಯ ಗಲಾಟೆಯಲ್ಲಿ ಬರೆಯುವುದು ಮರೆತಿದ್ದೆ. ಅವರು ಎರಡು ವಾರ ಆಸ್ಪತ್ರೆಯಲ್ಲಿದ್ದ ಸುದ್ದಿ ಊರಿಗೆ ಹಬ್ಬಿ, ಮಗಳಿಗೆ ಕೂಡಿಬಂದಿದ್ದ ಸಂಬಂಧ ಮುರಿಯಿತು. "ನಿಮ್ ಕೈಗೆ ತೋಳು ಕೊಟ್ಟಿದ್ದೇ ತಪ್ಪಾಯ್ತು. ಇನ್ ಬರಬೇಡಿ," ಎಂದರು. ತೋಪಿನಿಂದ ಬಸ್ ಸ್ಟ್ಯಾಂಡಿನವರೆಗೆ ತಲೆ ತಗ್ಗಿಸಿಕೊಂಡು ನಡೆದೆ. ಇನ್ನು ಮೇಲೆ ಆ ಕಾಲಂ ಖಾಲಿ ಬಿಡುವುದಿಲ್ಲ ಎಂದು ಶಪಥ ಮಾಡಿದೆ. ಆ ಶಪಥವೇ ಮುಂದೆ ನನ್ನನ್ನು ಕೆಡಿಸಿತು.

ಈಗ ನಾರಾಯಣಮ್ಮನವರ ವಿಷಯ. ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ.

ಶ್ರೀನಿವಾಸಪುರದಿಂದ ಮೂರು ಮೈಲಿ ಒಳಗೆ ಅವರ ಊರು. ಐವತ್ತರ ಹತ್ತಿರದ ವಿಧವೆ. ಎಡಗೆನ್ನೆ, ದವಡೆಯ ಒಂದು ಭಾಗ ತೆಗೆದಿದ್ದರು. ಮೊದಲ ಸಲ ಹೋದಾಗ ಅಭ್ಯಾಸದಂತೆ ಬೀದಿಯ ತುದಿಯಲ್ಲೇ ನಿಂತು ಹೇಳಿಕಳಿಸಿದೆ. ಅವರೇ ಬಂದರು, ಸೆರಗು ಕೂಡ ಮುಚ್ಚಿಕೊಳ್ಳದೆ.

"ಏಮಯ್ಯಾ, ಬೀದಿ ತುದೀಲಿ ಯಾಕ್ ನಿಂತಿದ್ಯಾ? ನಾನೇನ್ ಕಳ್ತನ ಮಾಡಿದ್ದೀನಾ? ಕೆನ್ನೆ ಕೊಯ್ದವ್ರೆ, ಅಷ್ಟೇ. ಮನೇಗ್ ಬಾ."

ಹೋದೆ. ಚಾಪೆ ಹಾಕಿದರು. ರಕ್ತ ತೆಗೆದಾದ ಮೇಲೆ ತಟ್ಟೆ ಇಟ್ಟು ಮುದ್ದೆ, ಮಸ್ಸೊಪ್ಪು ಬಡಿಸಿದರು. ತಾವೂ ಎದುರಿಗೆ ಕೂತು ಉಂಡರು. "ಮುದ್ದೆ ಹೆಂಗೂ ಅಗಿಯೋ ಹಂಗಿಲ್ಲ, ನುಂಗೋದೇ. ದೇವ್ರು ಯೋಚ್ನೆ ಮಾಡೇ ನನ್ ಹಲ್ ಕಿತ್ಕೊಂಡವ್ನೆ," ಎಂದು ಸೊಟ್ಟ ಬಾಯಿಯಲ್ಲಿ ನಕ್ಕರು. ಊಟದ ನಂತರ ಪದ್ಧತಿಯಂತೆ ಎಲೆ ಅಡಿಕೆ ತಟ್ಟೆ ನನ್ನ ಮುಂದಿಟ್ಟರು. ಬೇಡವೆಂದೆ. "ಒಳ್ಳೇದಾಯ್ತು ಬಿಡು. ನನ್ ಮುಂದೆ ಯಾರಾದ್ರೂ ಹಾಕ್ಕೊಂಡ್ರೆ ಇವತ್ತಿಗೂ ಆಸೆ ಆಗ್ತದೆ," ಎಂದು ಅದನ್ನು ಗೂಡಿಗೆ ಎತ್ತಿಟ್ಟರು.

ಆ ಮನೆ ನನಗೆ ಎಷ್ಟು ಬೇಕಾಗಿತ್ತೆಂದು ಹೇಳಲು ನಾಚಿಕೆಯಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಊಟ, ಒಂದು ಗಂಟೆ ಮಾತು. ಅದಕ್ಕಾಗಿ ಉಳಿದ ದಿನಗಳನ್ನು ಎಣಿಸುತ್ತಿದ್ದೆ. ಅವರು ನನ್ನನ್ನು ತಮ್ಮಯ್ಯ ಎನ್ನುತ್ತಿದ್ದರು, ನಾನು ಅಕ್ಕಾ ಎನ್ನುತ್ತಿದ್ದೆ. ಕೋಣೆಯಲ್ಲಿ ಯಾರೊಡನೆಯೂ ಆಡದ ಮಾತನ್ನೆಲ್ಲ ಅಲ್ಲಿ ಆಡುತ್ತಿದ್ದೆ. ಗುಲಾಬಿ ಬಣ್ಣ, ಕೊನೆಯ ಕಾಲಂ, ಚೌಡಪ್ಪನವರ ಹಲ್ಲು, ಎಲ್ಲವನ್ನೂ ಹೇಳಿದ್ದೆ. ರೋಗಿಯ ಹತ್ತಿರ ಅಷ್ಟು ಹೇಳಬಾರದಿತ್ತು.

ಅವರಿಗೂ ಒಂದು ನೋವಿತ್ತು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಮೂವತ್ತು ವರ್ಷ ಹುಳು ನೋಡಿದ ಕೈ ಅವರದು. ಸೊಪ್ಪಿನ ವಾಸನೆಯಲ್ಲೇ ಬೆಳೆ ಹೇಗೆ ಬರುತ್ತದೆಂದು ಹೇಳುತ್ತಿದ್ದರು. ಆದರೆ ಹುಳು ಮನೆಯೊಳಕ್ಕೆ ಹೊರಗಿನವರನ್ನು, ಮೈ ಸರಿಯಿಲ್ಲದವರನ್ನು ಬಿಡುವ ಪದ್ಧತಿಯಿಲ್ಲ. ಬೆಳೆ ಕೆಡುತ್ತದೆ ಎಂಬ ಭಯ. ಆಪರೇಷನ್ ಆದ ದಿನದಿಂದ ಮಗ, ಸೊಸೆ ರತ್ನಮ್ಮ ಇಬ್ಬರೂ ಅವರನ್ನು ಆ ಬಾಗಿಲು ದಾಟಲು ಬಿಟ್ಟಿರಲಿಲ್ಲ. ಜಗಲಿಯಲ್ಲಿ ಕೂತು ಸೊಪ್ಪು ಕತ್ತರಿಸಿ ಕೊಡುವುದಷ್ಟೇ. "ಊರೋರೆಲ್ಲ ನನ್ನ ಒಳಗ್ ಕರೀತಾರೆ ತಮ್ಮಯ್ಯ, ನನ್ ಹುಳು ಕರ್ಯಲ್ಲ," ಎಂದು ಒಮ್ಮೆ ಅಂದಿದ್ದರು. ಆ ದಿನ ಮಾತ್ರ ನಗಲಿಲ್ಲ.

ಎರಡು ವರ್ಷ ಅವರ ಟ್ಯೂಬು ತಿಳಿಯಾಗಿಯೇ ಬಂತು. ಮೂರನೆಯ ವರ್ಷ ಒಂದು ಸಲ ಬಣ್ಣ ಏರಿತು. ಕಾಲಂನಲ್ಲಿ, ಬೇರೆ ಕಾಯಿಲೆ ಏನೂ ಇಲ್ಲ ಎಂದು ಬರೆದಿದ್ದೆ. ಮೇಡಂ ಚೀಟಿ ಬರೆದುಕೊಟ್ಟರು: ಎರಡು ವಾರ ಬಿಟ್ಟು ಮತ್ತೆ ರಕ್ತ ತನ್ನಿ. ಇಳಿಯದಿದ್ದರೆ ಕೂಡಲೇ ಕರೆತನ್ನಿ.

ಎರಡು ವಾರ ಬಿಟ್ಟು ಹೋದಾಗ ಜಗಲಿ ಖಾಲಿ. ಒಳಗಿನಿಂದ ಅವರ ದನಿ: "ಕಾಲ್ ತೊಳ್ಕೊಂಡ್ ಒಳಗ್ ಬಾ ತಮ್ಮಯ್ಯ!" ರತ್ನಮ್ಮನಿಗೆ ಹೆರಿಗೆಯಾಗಿತ್ತು. ಬಾಣಂತಿ ಹುಳು ಮನೆಗೆ ಹೋಗುವಂತಿಲ್ಲ. ಬೇರೆ ಗತಿಯಿಲ್ಲದೆ ಮಗ ತಾಯಿಗೆ ಬಾಗಿಲು ತೆಗೆದಿದ್ದ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ತಟ್ಟೆ ತುಂಬ ಹುಳು, ಕೋಣೆ ತುಂಬ ಅವು ಸೊಪ್ಪು ಮೇಯುವ ಸದ್ದು. ಮಧ್ಯದಲ್ಲಿ ನಾರಾಯಣಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅಷ್ಟು ಸಂತೋಷವಾಗಿ ನಾನು ಅವರನ್ನು ನೋಡಿದ್ದು ಅದೊಂದೇ ಸಲ. ಹೊರಗಿನವನಾದ ನನ್ನನ್ನು ಯಾರಾದರೂ ಹುಳು ಮನೆಯೊಳಕ್ಕೆ ಬಿಟ್ಟದ್ದೂ ಅದೊಂದೇ ಸಲ.

ರಕ್ತ ತೆಗೆಯುವಾಗ ಕೇಳಿದರು: "ಹೋದ್ ಸಲ ಹೆಚ್ಚಾಗಿತ್ತಾ?"

"ಸ್ವಲ್ಪ ಅಕ್ಕಾ."

"ಈ ಸಲಾನೂ ಹೆಚ್ಚಾದ್ರೆ?"

"ಕರೀತಾರೆ. ಒಂದ್ ಹತ್ತು ದಿನ ಇರಬೇಕಾಗ್ತದೆ."

"ಹುಳು ಹಣ್ಣಾಗಿ ಗೂಡು ಕಟ್ಟೋಕೆ ಇನ್ನೊಂದೇ ವಾರ." ಹುಳುವಿನ ತಟ್ಟೆಗಳ ಕಡೆ ನೋಡಿ, "ಈಗ ನಾನ್ ಹೋದ್ರೆ ಕಾಯಿಲೆ ತಿರುಗಿ ಬಂತು ಅಂತಾರೆ. ಬೆಳೆ ಕೆಟ್ರೆ ನನ್ನಿಂದ್ಲೇ ಅಂತಾರೆ. ಆಮೇಲೆ ಈ ಬಾಗ್ಲು ನನಗೆ ಇಲ್ಲ," ಎಂದು ಬಲಗಾಲು ಮುಂದೆ ಚಾಚಿದರು. ಹಿಪ್ಪುನೇರಳೆ ಕಡ್ಡಿಯ ಕೂಳೆ ಚುಚ್ಚಿದ ಹಳೆಯ ಗಾಯ. ಹಕ್ಕಳೆ ಕಟ್ಟಿ, ಒಣಗಿ, ಅಂಚಿನಲ್ಲಿ ಉದುರುತ್ತಿತ್ತು. "ನಿನ್ ಕಾಗ್ದದಲ್ಲಿ ಗಾಯಕ್ಕೆ ಜಾಗ ಐತಲ್ಲ. ಇದ್ನ ಬರ್ಕೋ."

ನಾನು ಬರೆದೆ: ಬಲಗಾಲಿನಲ್ಲಿ ಹಸಿ ಗಾಯ, ಕೀವು ಇದೆ.

ಚೌಡಪ್ಪನವರಿಗೆ ಆದದ್ದು ಇವರಿಗೆ ಆಗಬಾರದು ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅವರನ್ನು ಆ ಕೋಣೆಯಿಂದ ಎಬ್ಬಿಸಿದವನು ನಾನೇ ಆದರೆ ನನ್ನ ಒಂದೇ ಒಂದು ಮನೆ ಹೋಗುತ್ತದೆ ಎಂಬ ಹೆದರಿಕೆ. ಆ ದಿನ ಊಟಕ್ಕೆ ತಟ್ಟೆ ಒಂದೇ ಹಾಕಿದರು. "ನಂದಾಯ್ತು, ನೀನ್ ಉಣ್ಣು," ಎಂದರು. ಹುಳುವಿನ ಕೆಲಸ ಇದೆ, ಅದಕ್ಕೇ ಎಂದುಕೊಂಡು ನಾನು ಎರಡು ಮುದ್ದೆ ಉಂಡು ಎದ್ದೆ.

ಅವರ ಟ್ಯೂಬು ಆ ವಾರದ ಟ್ಯೂಬುಗಳಲ್ಲೆಲ್ಲ ಗಾಢವಾಗಿತ್ತು. ಮೇಡಂ ನನ್ನ ಕಾಗದ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಗಾಯ ನೀವೇ ನೋಡಿದ್ರಾ?"

"ನೋಡಿದೆ ಮೇಡಂ."

ಅದಂತೂ ಸುಳ್ಳಲ್ಲ. ಮೇಡಂ ನಂಬಿ, ಗಾಯ ಮಾಗಿದ ಮೇಲೆ, ಎರಡು ತಿಂಗಳು ಬಿಟ್ಟು, ಎಂದು ಬರೆದರು.

ಆ ಎರಡು ತಿಂಗಳಲ್ಲಿ ಮೂರು ಸಲ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಮೂರು ಮೈಲಿ ನಡೆದಿದ್ದರೆ ಆಗುತ್ತಿತ್ತು, ನಡೆಯಲಿಲ್ಲ. ಗಡುವು ಮುಗಿದು ಹೋದಾಗ ಅವರು ಜಗಲಿಯಲ್ಲಿದ್ದರು, ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು. ಅವರು ಏನನ್ನಾದರೂ ಮುಚ್ಚಿಕೊಂಡದ್ದನ್ನು ನಾನು ಕಂಡಿರಲಿಲ್ಲ. ನಾನು ಕೇಳುವ ಮೊದಲೇ ಸೆರಗು ಸರಿಸಿದರು. ದವಡೆಯ ಕೆಳಗೆ ನಿಂಬೆಕಾಯಿ ಗಾತ್ರದ ಗಡ್ಡೆ, ಮೇಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು.

"ಯಾವಾಗಿಂದ ಅಕ್ಕಾ?"

"ನೀನ್ ಕಾಲ್ ನೋಡಿದ್ಯಲ್ಲ, ಆವತ್ತೇ ಇತ್ತು. ಅವರೆಕಾಳಷ್ಟು. ಕೈಗೆ ಸಿಕ್ತಿತ್ತು."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನ್ ಬರೀತಿದ್ದೆ." ಆಮೇಲೆ ನನ್ನ ಮುಖ ನೋಡಿ, "ಬೆಳೆ ಚೆನ್ನಾಗ್ ಆಯ್ತು ತಮ್ಮಯ್ಯ. ಗೂಡು ಕಲ್ಲಿನ ಹಂಗೆ ಗಟ್ಟಿ ಬಂದ್ವು," ಎಂದರು.

ಮರುದಿನವೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಅವರೇ ಕೂತರು. ಸರ್ಜನ್ ಕುತ್ತಿಗೆ ಒತ್ತಿ ನೋಡಿ, ಇನ್ನು ಕತ್ತಿ ಹಾಕುವ ಜಾಗವಿಲ್ಲ ಎಂದರು. ಎರಡು ತಿಂಗಳ ಹಿಂದೆ ಬಂದಿದ್ದರೆ, ಎಂದು ಕೇಳಿದೆ. "ಹೇಳೋಕಾಗಲ್ಲ. ಪ್ರಯತ್ನ ಮಾಡಬಹುದಿತ್ತು," ಎಂದರು. ಆ ಉತ್ತರವನ್ನು ಇಷ್ಟು ವರ್ಷ ತಿರುವಿ ಹಾಕಿ ನೋಡಿದ್ದೇನೆ. ಯಾವ ಕಡೆಯಿಂದ ನೋಡಿದರೂ ನಿದ್ದೆ ಬರುವಂಥ ಉತ್ತರವಲ್ಲ.

ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ನನಗೆ ಯಾರೂ ತಿಳಿಸಲಿಲ್ಲ, ತಿಳಿಸಲು ನಾನೇನು ನೆಂಟನೇ? ಮುಂದಿನ ಸರದಿಗೆ ಹೋದಾಗ ರತ್ನಮ್ಮ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅತ್ತೆ ಹೋದ್ರು ಸಾರ್," ಎಂದಳು. ಕಾಲು ತನಗೆ ತಾನೇ ಜಗಲಿ ಹತ್ತಿತು. "ಹುಳು ಐತೆ ಸಾರ್. ಅಲ್ಲೇ ನಿಂತ್ಕೊಳ್ಳಿ," ಎಂದಳು. ಕೆಟ್ಟವಳಲ್ಲ, ಪದ್ಧತಿ. ಒಂದು ಲೋಟ ನೀರು ತಂದು ಜಗಲಿಯ ಅಂಚಿನಲ್ಲಿಟ್ಟಳು. "ಅತ್ತೆ ತೆಗೆದ್ ಬೆಳೆ ಈ ಕಡೆ ಯಾರ್ಗೂ ಬಂದಿರ್ಲಿಲ್ಲ," ಎಂದು ಕಣ್ಣು ಒರೆಸಿಕೊಂಡಳು. ನೀರು ಕುಡಿದು, ಅಲ್ಲೇ ನಿಂತು, ಕೊನೆಯ ಕಾಗದ ತುಂಬಿದೆ.

ಲ್ಯಾಬಿಗೆ ಬಂದು ಎಲ್ಲ ರೋಗಿಗಳ ಲೆಕ್ಕವಿದ್ದ ದೊಡ್ಡ ಪಟ್ಟಿ ನೋಡಿದರೆ ನಾರಾಯಣಮ್ಮನವರ ಸಾಲಿನ ಮೇಲೆ ಕೆಂಪು ಗೆರೆ. ಕೀವು ಇದ್ದವರ ಲೆಕ್ಕ ನಂಬುವಂತಿಲ್ಲ, ತೆಗೆದುಹಾಕುವುದು ನಿಯಮ. ಅವರ ರಕ್ತ ನಿಜ ಹೇಳಿತ್ತು, ಅಷ್ಟು ಸ್ಪಷ್ಟವಾಗಿ ಹೇಳಿತ್ತು, ಆದರೆ ಹೇಳಿದ್ದೇ ಎಲ್ಲೂ ಉಳಿಯಲಿಲ್ಲ. ಹುಳು ಮನೆಯಿಂದ ಅವರನ್ನು ಮನೆಯವರು ಹೊರಗಿಟ್ಟರು. ಈ ಪಟ್ಟಿಯಿಂದ ನಾನು ಹೊರಗಿಟ್ಟೆ.

ನನ್ನದು ತಾತ್ಕಾಲಿಕ ಕೆಲಸ. ಸುಳ್ಳು ಬರೆದವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಮೇಡಂ ಮೇಜಿನ ಮುಂದೆ ನಿಂತು ಹೇಳಿದೆ. "ಗಾಯ ಒಣಗಿತ್ತು ಮೇಡಂ. ಕೀವು ಇರಲಿಲ್ಲ. ನಾನು ಸುಳ್ಳು ಬರೆದೆ."

ಅವರು ಪೆನ್ನು ಕೆಳಗಿಟ್ಟರು. "ಹೀಗೆ ಇನ್ನೆಷ್ಟು ಬರೆದಿದ್ದೀರಿ?"

"ಇದೊಂದೇ."

"ನಾನು ಹೇಗೆ ನಂಬಲಿ?"

ಕೆಲಸದಿಂದ ತೆಗೆಯಲಿಲ್ಲ. ಆದರೆ ಆರು ತಿಂಗಳು ಊರು ತಿರುಗುವುದು ಬಿಡಿಸಿ ಟ್ಯೂಬು ತೊಳೆಯಲು ಹಾಕಿದರು. ಆ ಕಾಲದಲ್ಲಿ ಗಾಜನ್ನು ಆಸಿಡ್ಡಿನಲ್ಲಿ ನೆನೆಸಿ ತೊಳೆಯಬೇಕಿತ್ತು. ಬೆರಳ ತುದಿಯ ಚರ್ಮ ಸುಲಿಯುತ್ತಿತ್ತು. ನನ್ನ ಹಳೆಯ ಕಾಗದಗಳನ್ನೆಲ್ಲ ಹಿಡಿದು ಇನ್ನೊಬ್ಬ ಟೆಕ್ನಿಷಿಯನ್ ಮನೆ ಮನೆಗೆ ಹೋಗಿ ವಿಚಾರಿಸಿ ಬಂದ. ಉಳಿದವು ಸರಿಯಿದ್ದವು.

ಆ ಪರೀಕ್ಷೆಯೂ ಕೊನೆಗೆ ಬಳಕೆಯಲ್ಲಿ ಉಳಿಯಲಿಲ್ಲ. ಬಹಳ ಸಲ ಸುಮ್ಮಸುಮ್ಮನೆ ಕೂಗುತ್ತಿತ್ತು, ಕೆಲವು ಸಲ ಕೂಗಬೇಕಾದಾಗ ಸುಮ್ಮನಿರುತ್ತಿತ್ತು. ಈಗ ರಕ್ತದಲ್ಲಿ ರೋಗದ ಸುಳಿವು ಕೊಡುವ ಬೇರೆ ಬೇರೆ ಮಾರ್ಕರುಗಳು ಬಂದಿವೆಯಂತೆ. ನಿಮ್ಮ ಮಷೀನಿನ ಪಕ್ಕದಲ್ಲೂ ರೋಗಿಯ ಬೇರೆ ಕಾಯಿಲೆ ಬರೆಯುವ ಒಂದು ಜಾಗ ಇದ್ದೇ ಇರುತ್ತದೆ. ಅದನ್ನು ತುಂಬುವವರ ಮನಸ್ಸಿನಲ್ಲಿ ಏನಿದೆಯೆಂದು ಮಷೀನಿಗೆ ಗೊತ್ತಾಗುವುದಿಲ್ಲ.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೇಡಂ ಕರೆದರು. ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿತ್ತು, ಒಬ್ಬೊಬ್ಬ ರೋಗಿಯ ಆಮ್ಲದ ಮಟ್ಟಕ್ಕೆ ಒಂದೊಂದು ಚುಕ್ಕೆ. ಕೆಳಗೆ ರೋಗ ಮರಳದವರ ಚುಕ್ಕೆಗಳು ಒತ್ತಾಗಿ ಒಂದರ ಪಕ್ಕ ಒಂದು. ಮೇಲಕ್ಕೆ ಹೋದಂತೆ ವಿರಳ. ಪಟ್ಟಿಯಲ್ಲಿ ಕೆಂಪು ಗೆರೆಯ ಪಕ್ಕ ಅವರದೇ ಅಕ್ಷರದಲ್ಲಿ, ಗೆರೆ ರದ್ದು, ಎಂದಿತ್ತು. ಪೆನ್ಸಿಲು ನನ್ನ ಕಡೆ ಚಾಚಿ, "ನಿಮ್ಮ ಅಕ್ಕನದು ನೀವೇ ಇಡಿ," ಎಂದರು. ಅಕ್ಕ ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ವಿಚಾರಿಸಲು ಹೋದವನು ರತ್ನಮ್ಮನಿಂದ ಕೇಳಿ ಬಂದು ಹೇಳಿರಬೇಕು.

ಸಂಖ್ಯೆ ನೋಡಿ ಜಾಗ ಹುಡುಕಿದೆ. ಹಾಳೆಯ ಮೇಲ್ತುದಿಯಲ್ಲಿ, ಸುತ್ತ ಒಂದು ಚುಕ್ಕೆಯೂ ಇಲ್ಲದ ಕಡೆ. ಅಲ್ಲಿ ಪೆನ್ಸಿಲು ಒತ್ತಿದೆ. ಒತ್ತಿದ್ದು ಹೆಚ್ಚಾಗಿ ಹಾಳೆ ತೂತಾಯಿತು. ಬೇರೆ ಹಾಳೆಯಲ್ಲಿ ಮಾಡೋಣ ಮೇಡಂ ಎಂದೆ.

"ಇರಲಿ ಬಿಡಿ," ಎಂದರು.